ಹದಿನೈದನೇ ಪ್ರಶ್ನೆ

ಎರಡನೇ ಆಷಾಢ, ಮೂವತ್ತೆರಡನೇ ದಿನ, ೨೨೧೪

ತಬಸ್ಸುಮ್ ಅವರಿಗೆ, ಮೂಡಲ ಬೀದಿಯ ತುಂಗವ್ವನ ಮಗಳು ಸಿರಿಗೌರಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಪಂಚಾಂಗದಲ್ಲಿ ಅಂಥ ದಿನವಿಲ್ಲವೆಂದು ಬಲ್ಲೆ. ಬೇಸಿಗೆ ಉದ್ದವಾದ ಮೇಲೆ ನಾವು ತಿಂಗಳುಗಳನ್ನೂ ಎಳೆದು ಉದ್ದ ಮಾಡಿಕೊಂಡೆವು, ಅಷ್ಟೇ. ನನ್ನ ಮಾತೂ ನಿಮಗೆ ವಿಚಿತ್ರವೆನಿಸಬಹುದು. ಹಳೆಯ ಧ್ವನಿಗಳನ್ನು ಕೇಳಿ ಕೇಳಿ ಕಲಿತ ಕನ್ನಡ ಇದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೆ ಇಪ್ಪತ್ತು, ನನಗೆ ಐವತ್ತಾರು. ಆದರೂ ಹುಟ್ಟಿದ ವರ್ಷ ನೋಡಿದರೆ ನೀವೇ ನನಗಿಂತ ನೂರೈವತ್ತು ವರ್ಷ ದೊಡ್ಡವರು, ಹಾಗಾಗಿ ಬಹುವಚನ. ಈ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಬರೆಯುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಹೆಚ್ಚಿನವರು ಅದನ್ನು ತೀರಿಕೊಂಡ ಗಂಡನಿಗೋ ತಾಯಿಗೋ ಬರೆಯುತ್ತಾರೆ. ನಾನು ಮುಖವನ್ನೇ ನೋಡದ ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಬರುವ ಗುರುವಾರ ಬೆಳಿಗ್ಗೆ ಹತ್ತೂವರೆಗೆ ನೀವು ಕರಿಬಸಪ್ಪಜ್ಜನ ಮನೆಗೆ ಹೋಗುತ್ತೀರಿ.

ನಿಮ್ಮ ತಯಾರಿಯೆಲ್ಲ ನನಗೆ ಬಾಯಿಪಾಠ. ಕಾಲೇಜಿನ ಮಾಧ್ಯಮ ಪ್ರಾಜೆಕ್ಟಿಗೆ ಊರಿನ ಒಬ್ಬರನ್ನು ಮಾತಾಡಿಸಿ ಧ್ವನಿ ಕಾರ್ಯಕ್ರಮ ಮಾಡಿ ಎಂದಿದ್ದಾರೆ. ಮೂವತ್ತೊಂದು ವರ್ಷ ಬೀದಿ ಬೀದಿಗೆ ನೀರು ಬಿಟ್ಟು ಈಗ ಮನೆಯಲ್ಲಿರುವ ಅಜ್ಜನನ್ನು ನೀವು ಆರಿಸಿಕೊಂಡಿರಿ. ನಿಮ್ಮ ನೋಟ್‌ಬುಕ್ಕಿನ ಎರಡು ಹಾಳೆಗಳ ಫೋಟೊ ಧ್ವನಿಯ ಜೊತೆಗೇ ಉಳಿದು ಬಂದಿದೆ. ಫ್ಯಾನ್ ಆರಿಸಬೇಕು. ಮೊಬೈಲಿನ ಕೆಳಗೆ ಟವೆಲ್ ಹಾಸಬೇಕು. ಅಜ್ಜ ಮಾತಾಡುವಾಗ ಹೂಂಗುಟ್ಟಬಾರದು, ತಲೆ ಮಾತ್ರ ಆಡಿಸಬೇಕು. ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನಷ್ಟೇ ಹಿಡಿದುಕೊಳ್ಳಬೇಕು. ಜೋಡಿಸುವಾಗ ಪ್ರಶ್ನೆಗಳನ್ನೆಲ್ಲ ಕತ್ತರಿಸಿ ಅಜ್ಜನ ಧ್ವನಿ ಮಾತ್ರ ಉಳಿಸಬೇಕು. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಆಮೇಲೆ ಹದಿನಾಲ್ಕು ಪ್ರಶ್ನೆಗಳು, ದುಂಡಗಿನ ಅಕ್ಷರದಲ್ಲಿ. ನೀರು ಬರಲಿಲ್ಲವೆಂದು ಜನ ಬೈದರೆ ಏನು ಮಾಡುತ್ತಿದ್ದಿರಿ ಎಂಬ ಮೂರನೆಯದು ನನಗೆ ತುಂಬ ಇಷ್ಟ. ಅದಕ್ಕೆ ಅಜ್ಜ, ‘ಬೈಯೋರ ಬೀದಿಗೆ ಮೊದ್ಲು ಬಿಡ್ತಿದ್ದೆ ಕಣವ್ವ, ಕಿವಿ ತಣ್ಣಗಿರ್ತಿತ್ತು’ ಎನ್ನುತ್ತಾರೆ. ಎಷ್ಟು ಸಲ ಕೇಳಿದರೂ ನಗು ಬರುತ್ತದೆ.

ನಿಮ್ಮ ಕಾಲ ಮುಗಿದ ಮೇಲೆ ಮರೆವಿನ ವರ್ಷಗಳು ಬಂದವು. ಯಂತ್ರಗಳಲ್ಲಿ ಕೂಡಿಟ್ಟದ್ದೆಲ್ಲ ಹನ್ನೊಂದು ವರ್ಷಗಳಲ್ಲಿ ಅಳಿಸಿಹೋಯಿತು. ಕಾಗದದಲ್ಲಿ ಬರೆದಿಡುವ ರೂಢಿಯನ್ನು ಜನ ಅದಕ್ಕೂ ಮೊದಲೇ ಬಿಟ್ಟಿದ್ದರು. ನಮ್ಮೂರಿನ ನೆಲದಡಿ ಯಾವ ಕೊಳವೆ ಎಲ್ಲಿಗೆ ಹೋಗುತ್ತದೆಂದು ಬಲ್ಲವರು ಒಬ್ಬರೂ ಉಳಿಯಲಿಲ್ಲ. ಆಗ ಹೇಗೋ ಅಳಿಯದೆ ಸಿಕ್ಕಿದ್ದು ನಿಮ್ಮ ಇಪ್ಪತ್ತೆರಡು ನಿಮಿಷದ ಧ್ವನಿ. ಪಡುವಲ ವಾಲ್ವನ್ನು ಮೂರು ಸುತ್ತು ತೆಗೆದು ಅರ್ಧ ಸುತ್ತು ಹಿಂದಕ್ಕೆ ಬಿಡಬೇಕೆಂದು ಅಜ್ಜ ಹೇಳಿದಂತೆಯೇ ಮಾಡಿದರು, ನೀರು ಬಂತು. ಜನ ಅತ್ತರಂತೆ. ಅಂದಿನಿಂದ ಅಜ್ಜ ಕೇಳುಮನೆಯಲ್ಲಿದ್ದಾರೆ. ಕೇಳುಮನೆಯೆಂದರೆ ಸತ್ತವರ ಧ್ವನಿಗಳನ್ನು ಇಟ್ಟಿರುವ ಮನೆ. ಹೋಗಿ ಪ್ರಶ್ನೆ ಕೇಳಿದರೆ, ಅವರು ಬದುಕಿದ್ದಾಗ ಆಡಿದ ಮಾತುಗಳಲ್ಲೇ ಹೊಂದುವುದನ್ನು ಆರಿಸಿ ಯಂತ್ರ ನುಡಿಸುತ್ತದೆ. ಹೊಸದಾಗಿ ಒಂದಕ್ಷರ ಸೇರಿಸುವಂತಿಲ್ಲ. ಸತ್ತವರ ಬಾಯಿಗೆ ಮಾತು ತುರುಕುವುದು ನಮ್ಮಲ್ಲಿ ಕೊಲೆಗೆ ಸಮನಾದ ಅಪರಾಧ. ನಾನು ಆ ಮನೆಯ ಕಾವಲಿನವಳು. ಬೆಳಿಗ್ಗೆ ಹೋಗಿ ಕಸ ಗುಡಿಸಿ, ಬಂದವರಿಗೆ ಚಾಪೆ ಹಾಸುತ್ತೇನೆ.

ಅರವತ್ತೊಂದು ವರ್ಷಗಳ ಹಿಂದೆ ಊರಿನ ಹಿರಿಯರು ಅಜ್ಜನ ಮುಂದೆ ಕೂತು, ಮೂಡಲ ಬೀದಿಯ ವಾಲ್ವು ತೆಗೆಯಬಹುದೇ ಎಂದು ಕೇಳಿದರು. ಉತ್ತರ ಬಂತು: ‘ಬ್ಯಾಡವ್ವ, ಅದನ್ನ ಮುಟ್ಟಬ್ಯಾಡ. ನಾನು ಬರೋತನಕ ಹಂಗೇ ಇರ್ಲಿ.’ ಅಷ್ಟೇ, ಮುಟ್ಟಲಿಲ್ಲ. ಆ ವಾಲ್ವಿನ ಪಕ್ಕ ಅಜ್ಜ ಬಂದಾಗ ಕೂರಲೆಂದು ಒಂದು ಸ್ಟೂಲ್ ಇಟ್ಟಿದ್ದಾರೆ. ಸ್ಟೂಲ್ ಮುರಿದಾಗಲೆಲ್ಲ ಹೊಸದು ಮಾಡಿಸುತ್ತಾರೆ, ಸಂಜೆ ಯಾರೂ ಅದರ ಮುಂದೆ ಅಡ್ಡ ಹಾಯುವುದಿಲ್ಲ. ನನ್ನ ಅವ್ವ ಎಂಬತ್ತರ ವಯಸ್ಸಿನಲ್ಲೂ ಪಡುವಲ ಬೀದಿಯಿಂದ ಕೊಡ ಹೊತ್ತು ತರುತ್ತಾಳೆ. ‘ಸತ್ತೋನು ಬಂದು ವಾಲ್ವು ತಿರುಗಿಸ್ತಾನಂತೆ, ಇವ್ರು ಸ್ಟೂಲ್ ಹಾಕ್ಕೊಂಡು ಕಾಯ್ತಾರಂತೆ’ ಎಂದು ದಾರಿಯುದ್ದಕ್ಕೂ ಬೈಯುತ್ತಾಳೆ. ಬೈಯುವವರ ಬೀದಿಗೆ ಮೊದಲು ನೀರು ಬಿಡುವ ಅಜ್ಜ ಈಗಿಲ್ಲವಲ್ಲ. ಈ ತಿಂಗಳ ಕೊನೆಗೆ ಮೂಡಲ ಬೀದಿಯನ್ನೇ ಖಾಲಿ ಮಾಡಿಸುತ್ತಾರೆ, ನೀರಿಲ್ಲದ ಬೀದಿಯಲ್ಲಿ ಜನ ಇರಬಾರದಂತೆ. ಅವ್ವ ಏಳುವುದಿಲ್ಲ ಎಂದಿದ್ದಾಳೆ. ಅವಳ ಹಟ ನನಗೆ ಗೊತ್ತು, ಅದಕ್ಕೇ ಹೆದರಿಕೆ.

ತಬಸ್ಸುಮ್ ಅವರೇ, ನಿಮ್ಮ ಪಟ್ಟಿಯಲ್ಲಿ ಪ್ರಶ್ನೆಗಳು ಹದಿನಾಲ್ಕು, ಧ್ವನಿಯಲ್ಲಿ ಉತ್ತರಗಳು ಹದಿನೈದು. ಹದಿನಾಲ್ಕನೆಯದರಲ್ಲಿ ಅಜ್ಜ, ಮೂಡಲ ಬೀದಿಯ ವಾಲ್ವು ಬಲು ಹಟಮಾರಿ ಎನ್ನುತ್ತಾರೆ. ಅದರ ಬೆನ್ನಿಗೇ ‘ಬ್ಯಾಡವ್ವ, ಅದನ್ನ ಮುಟ್ಟಬ್ಯಾಡ’ ಬರುತ್ತದೆ. ಹಾಗಾಗಿ ಎಲ್ಲರೂ ಅದು ವಾಲ್ವಿನ ಮಾತೆಂದು ನಂಬಿದರು. ನನಗೇಕೋ ಅನುಮಾನ ಹೋಗಲಿಲ್ಲ. ನೀವು ಹಿಡಿದಿಟ್ಟ ಕೊನೆಯ ಅರ್ಧ ನಿಮಿಷವಿದೆಯಲ್ಲ, ಅದನ್ನು ಯಾರೂ ಕೇಳುತ್ತಿರಲಿಲ್ಲ. ನಾನು ನೂರಾರು ಸಲ ಕೇಳಿದೆ. ದೂರದಲ್ಲಿ ಯಾರೋ ಬಾಗಿಲಿನಿಂದ ಕೂಗುತ್ತಾರೆ. ಅಜ್ಜನ ಚಪ್ಪಲಿ ಸರ ಸರ ಹೊರಗೆ ಹೋಗುತ್ತದೆ. ಆಮೇಲೆ, ಎತ್ತಿದ ಗಾಜಿನ ಲೋಟವನ್ನು ಯಾರೋ ಮೆಲ್ಲಗೆ ಮತ್ತೆ ಮೇಜಿನ ಮೇಲಿಡುತ್ತಾರೆ. ಆ ಯಾರೋ ನೀವೇ. ಅಜ್ಜ ಅರ್ಧ ಕುಡಿದ ಚಹಾ ಬಿಟ್ಟು ಎದ್ದರು, ನೀವು ಲೋಟ ತೆಗೆಯಲು ಹೋದಿರಿ, ಅವರು ಬೇಡವೆಂದರು. ಮನೆಗೆ ಹೋಗಿ ಜೋಡಿಸುವಾಗ ಆ ಮಾತು ಮುಕ್ತಾಯಕ್ಕೆ ಚೆನ್ನಾಗಿದೆ ಎನಿಸಿತು. ನಿಮ್ಮ ಪ್ರಶ್ನೆಯನ್ನು ಕತ್ತರಿಸಿ ಅಜ್ಜನ ಮಾತನ್ನು ಹದಿನಾಲ್ಕನೆಯ ಉತ್ತರದ ಬೆನ್ನಿಗೆ ಜೋಡಿಸಿದಿರಿ. ನಿಮ್ಮನ್ನು ಬೈಯಲಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ, ಅಷ್ಟು ಚೆನ್ನಾಗಿದೆ ಆ ಮಾತು.

ನಿನ್ನೆ ಬೆಳಿಗ್ಗೆ, ಯಾರೂ ಬರುವ ಮೊದಲು, ನಾನು ಅಜ್ಜನ ಮುಂದೆ ಕೂತು ನಿಮ್ಮ ಪ್ರಶ್ನೆಯನ್ನು ಊಹಿಸಿ ಕೇಳಿದೆ: ‘ಅಜ್ಜ, ಚಾದ ಲೋಟ ತಗೀಲಾ?’ ಎಂದಿನ ಉತ್ತರವೇ ಬಂತು, ಮುಟ್ಟಬ್ಯಾಡ, ಹಂಗೇ ಇರ್ಲಿ. ನಾನು ಏಳಲು ಹೊರಟೆ. ಯಂತ್ರ ನಿಲ್ಲಲಿಲ್ಲ. ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು, ಈ ಸಲ ಒಳಕ್ಕೆ. ‘ಆರಿ ಹೋಯ್ತಲ್ಲವ್ವ’ ಎಂದರು ಅಜ್ಜ.

ಇಪ್ಪತ್ತೆರಡು ನಿಮಿಷಗಳಲ್ಲಿ ಎಲ್ಲಿಯೂ ಆ ಮಾತಿಲ್ಲ. ಹಿರಿಯರಿಗೆ ಹೇಳಿದರೆ ಸತ್ತವರ ಬಾಯಿಗೆ ನಾನೇ ಮಾತು ತುರುಕಿದೆ ಎನ್ನುತ್ತಾರೆ. ಅವರು ಒಪ್ಪುವುದು ಆ ಧ್ವನಿಮುದ್ರಣದಲ್ಲಿರುವ ಮಾತನ್ನು ಮಾತ್ರ. ಆದ್ದರಿಂದ ಕೈಮುಗಿದು ಕೇಳುತ್ತೇನೆ. ಗುರುವಾರ ಎಲ್ಲವನ್ನೂ ಅಂದುಕೊಂಡಂತೆಯೇ ಮಾಡಿ, ಫ್ಯಾನ್ ಆರಿಸಿ, ಟವೆಲ್ ಹಾಸಿ. ಹದಿನಾಲ್ಕು ಪ್ರಶ್ನೆಗಳನ್ನು ಬೇಕಾದರೆ ಕತ್ತರಿಸಿ. ಪಟ್ಟಿಯಲ್ಲಿಲ್ಲದ ಆ ಹದಿನೈದನೆಯದನ್ನು ಮಾತ್ರ ಕತ್ತರಿಸದೆ ಉಳಿಸಿ. ಅಧ್ಯಾಪಕರು ಒಂದೆರಡು ಅಂಕ ಕಡಿಮೆ ಕೊಟ್ಟರೆ ನನ್ನ ಹೆಸರು ಹೇಳಿಕೊಂಡು ಬೈಯಿರಿ. ನೀವು ಅದನ್ನು ಉಳಿಸಿದಿರಾದರೆ ಮೂಡಲ ಬೀದಿಯ ವಾಲ್ವು ಎಂದೋ ತೆರೆದಿರುತ್ತದೆ, ನನಗೆ ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ. ನಿಮ್ಮ ಕೈಯಲ್ಲಿ ಖಾಲಿ ಹಾಳೆ ಉಳಿದರೆ ಹೆದರಬೇಡಿ, ನಮ್ಮ ಅವ್ವನ ಮನೆಯಲ್ಲಿ ನೀರು ಬಂತೆಂದುಕೊಳ್ಳಿ.

ಇನ್ನೊಂದು ಮಾತು. ಹೊರಡುವ ಮೊದಲು ಆ ಚಹಾವನ್ನು ಬಿಸಿ ಮಾಡಿ ಅಜ್ಜನಿಗೆ ಕೊಡಿ, ಹೋಗಿ ಬರುತ್ತೇನೆಂದು ಹೇಳಿ. ಇಂದು ಬೆಳಿಗ್ಗೆ ನಾನು ಕೇಳುಮನೆಯ ಬೀಗ ತೆಗೆಯುವಾಗ, ಇನ್ನೂ ಯಾರೂ ಏನೂ ಕೇಳಿರಲಿಲ್ಲ, ಒಳಗಿನಿಂದ ಅಜ್ಜನೇ ಕೇಳಿದರು: ‘ಆ ಹುಡುಗಿ ಹೋದ್ಲೇನವ್ವ?’

‘ಇಲ್ಲಜ್ಜ, ಗುರುವಾರ ಬರ್ತಾಳೆ’ ಎಂದು ಹೇಳಿದ್ದೇನೆ.