ಹನ್ನೊಂದು ತಾಸಿನ ವೇಳಾಪಟ್ಟಿ

ಗದಗ, ಫೆಬ್ರವರಿ ೩೦, ೨೧೫೮

ನನಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಲೆಕ್ಕಪರಿಶೋಧಕರ ಪರೀಕ್ಷೆಗೆ ಓದುತ್ತಿರುವವರೇ,

ತಾರೀಖು ತಪ್ಪಿಲ್ಲ, ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ಲೆಕ್ಕವನ್ನೆಲ್ಲ ಈಗ ಯಂತ್ರಗಳೇ ಮಾಡುತ್ತವೆ. ಆದರೆ ಅದು ಸರಿಯೆಂದು ಸಹಿ ಹಾಕಿ ಹೊಣೆ ಹೊರಲು ಮನುಷ್ಯರೇ ಬೇಕು. ಹಾಗಾಗಿ ಪರೀಕ್ಷೆ ಉಳಿದಿದೆ, ಇಂದಿಗೂ ಕೈಬರಹದಲ್ಲೇ. ಮೂರು ಸಲ ಮಾತ್ರ ಅವಕಾಶ. ನಾನು, ನೀಲಾಂಬಿಕೆ ಕಟ್ಟೀಮನಿ, ಎರಡು ಸಲ ಸೋತಿದ್ದೆ.

ಶ್ರಮ ಕಡಿಮೆಯಾಯಿತೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಗೋಡೆಯ ಮೇಲೆ ಏಳು ಬಣ್ಣಗಳ ವೇಳಾಪಟ್ಟಿ. ದಿನಕ್ಕೆ ಹನ್ನೊಂದು ತಾಸು ಓದು. ಕೊನೆಯ ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ, ನನ್ನೊಡನೆ ಕೋಣೆ ಹಂಚಿಕೊಂಡಿದ್ದ ನರ್ಸ್ ಮೆಹಬೂಬಿ ನನ್ನ ಮುಂಗೈಗೆ ಚಿತ್ತಮಾಪಕ ಕಟ್ಟಿದಳು. ತಲೆಗೆ ಪೆಟ್ಟು ಬಿದ್ದವರಿಗೆ ಕಟ್ಟುವ ಪಟ್ಟಿ ಅದು. ಕಣ್ಣು ನೋಡುತ್ತಿರುವುದರ ಮೇಲೆ ಮನಸ್ಸು ಎಷ್ಟು ಹೊತ್ತು ನಿಂತಿತೆಂದು ಅಳೆಯುತ್ತದೆ.

ವಾರದ ನಂತರ, ತಿಂಡಿ ತಿನ್ನುವಾಗ, ಅವಳು ಫಲಿತವನ್ನು ಓದಿ ಹೇಳಿದಳು. ಎಪ್ಪತ್ತೇಳು ತಾಸಿನಲ್ಲಿ ಹತ್ತೊಂಬತ್ತು. ಅದರಲ್ಲೂ ಹೆಚ್ಚಿನದು ನನಗೆ ಆಗಲೇ ಚೆನ್ನಾಗಿ ಬರುತ್ತಿದ್ದ ವೆಚ್ಚಲೆಕ್ಕಕ್ಕೆ. ಎರಡು ಸಲವೂ ನನ್ನನ್ನು ಕೆಡವಿದ್ದ ತೆರಿಗೆ ಕಾನೂನಿಗೆ ನಲವತ್ತೇ ನಿಮಿಷ.

ಬಾಯಿಗೆ ಹೊರಟ ತುತ್ತು ಕೈಯಲ್ಲೇ ನಿಂತಿತು. "ನಿನ್ನ ಯಂತ್ರ ಕೆಟ್ಟೈತಿ," ಎಂದೆ.

"ಹಂಗಾರ ಪುಸ್ತಕ ಮುಚ್ಚು. ನಿನ್ನೆ ಓದಿದ್ದು ಬರದು ತೋರ್ಸು."

ಮೂರು ಸಾಲು ಬರೆದೆ. ನಾಲ್ಕನೆಯದು ಬರಲಿಲ್ಲ. ಆರು ಸಲ ಓದಿ, ಆರು ಸಲವೂ ಗೆರೆ ಎಳೆದಿದ್ದ ಅಧ್ಯಾಯ ಅದು!

"ನೀಲಾ, ನೀ ಓದಿಲ್ಲ. ಬರೇ ಕುಂತಿದ್ದಿ," ಎಂದಳು ಮೆಹಬೂಬಿ, ಮೆಲ್ಲಗೆ.

ಆ ದಿನವೆಲ್ಲ ಅವಳೊಡನೆ ಮಾತಾಡಲಿಲ್ಲ. ಮರುದಿನ ಗೋಡೆಯ ಪಟ್ಟಿಯನ್ನು ಕಿತ್ತೆ.

ಹೊಸದರಲ್ಲಿ ಆರೇ ತಾಸು. ಮನಸ್ಸು ಚುರುಕಾಗಿರುವ ಬೆಳಗಿನ ಹೊತ್ತು ತೆರಿಗೆಗೆ. ಐವತ್ತು ನಿಮಿಷ ಓದು, ಪುಸ್ತಕ ಮುಚ್ಚಿ ಬರಹ, ಆಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ. ಶನಿವಾರ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ. ಬುಧವಾರ ಮಧ್ಯಾಹ್ನ ಖಾಲಿ, ಹಿಂದೆ ಬಿದ್ದದ್ದನ್ನು ಮುಗಿಸಲು. ಮೊದಲ ಶನಿವಾರ ನೂರಕ್ಕೆ ಇಪ್ಪತ್ತೆರಡು ಅಂಕ ಬಂದು ಅತ್ತೆ. ಒಂಬತ್ತನೆಯ ಶನಿವಾರ ನಲವತ್ತೊಂದು. ಪರೀಕ್ಷೆಯಲ್ಲಿ ಐವತ್ತನಾಲ್ಕು. ಪಾಸಾದೆ. ಮೆಹಬೂಬಿ ನನ್ನನ್ನು ಎತ್ತಿಯೇ ಬಿಟ್ಟಳು.

ಇಷ್ಟಾದರೂ ಮೆಹಬೂಬಿ ಫಲಿತ ಓದಿ ಹೇಳಿದ ಆ ಬೆಳಗು ನೆನಪಾದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಓದಬೇಕೆಂದು ನಾನು ತಂಗಿಯ ಮದುವೆಗೇ ಹೋಗಿರಲಿಲ್ಲ. ಅಂದೂ ಓದಿರಲಿಲ್ಲವೇನೋ.

ನಿಮ್ಮಲ್ಲಿ ಒಂದೇ ಕೋರಿಕೆ. ನಾಳೆ ಬೆಳಿಗ್ಗೆ, ನಿಮಗೆ ಅತಿ ಹೆದರಿಕೆಯಿರುವ ವಿಷಯವನ್ನೇ ಮೊದಲು ತೆರೆಯಿರಿ. ತಾಸಿನ ನಂತರ ಮುಚ್ಚಿ, ನೆನಪಿನಲ್ಲಿ ಉಳಿದದ್ದನ್ನು ಬರೆದು ನೋಡಿ. ಹಾಳೆ ಖಾಲಿಯಿದ್ದರೆ ಗಾಬರಿಯಾಗುತ್ತದೆ. ಆಗಲಿ. ನಿಮಗಿನ್ನೂ ಸಮಯವಿದೆ.

ನೀಲಾಂಬಿಕೆ