ಹಿಂದಿನ ಎಡ ಬಾಗಿಲು

ಅಪ್ಪಾ,

ಈ ಕಾಗದ ನಿನಗೆ ತಲುಪುವುದಿಲ್ಲ, ಆದರೂ ಹೇಳಲೇಬೇಕು. ನೀನು ಅರ್ಧಕ್ಕೆ ಬಿಟ್ಟುಹೋದ ಪುಟಾಣಿ ಕಾರು ಇವತ್ತು ಮುಗಿಯಿತು. ನಮ್ಮ ಹಳೆಯ ಕಾರಿನದೇ ತದ್ರೂಪು, ಅಂಗೈಯಷ್ಟಿದೆ. ನೀನು ಕಲಸಿಟ್ಟಿದ್ದ ತಿಳಿಹಸಿರನ್ನೇ ತೆಳ್ಳಗೆ ಮೂರು ಸಲ ಬಳಿದೆ. ಹಿಂದಿನ ಎಡ ಬಾಗಿಲಿಗೆ ಮಾತ್ರ ಒಂದು ಹನಿ ಕಪ್ಪು ಬೆರೆಸಿದೆ.

ಯಾಕೆಂದು ನಿನಗೆ ಗೊತ್ತು. ಡ್ರೈವಿಂಗ್ ಕಲಿಯುವಾಗ ನಾನು ಆ ಬಾಗಿಲನ್ನು ಗೇಟಿನ ಕಂಬಕ್ಕೆ ಉಜ್ಜಿದ್ದೆ. ನೀನು ಮೇಲೆ ಬಳಿದ ಬಣ್ಣ ಕೊನೆಗೂ ಹೊಂದಲಿಲ್ಲ. ತಪ್ಪು ನಿನ್ನದೇ ಎಂದು ಅಮ್ಮನಿಗೆ ಹೇಳಿ, ಕಾರು ಮಾರುವವರೆಗೂ ನೀನು ಬೈಸಿಕೊಂಡೆ. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ.

ಇವತ್ತು ಪುಟಾಣಿ ಕಾರನ್ನು ಕೈಗೆ ಕೊಟ್ಟಾಗ ಅಮ್ಮ ಕನ್ನಡಕ ಏರಿಸಿಕೊಂಡು ಆ ಬಾಗಿಲನ್ನೇ ನೋಡಿದಳು.

"ಅದು ನಾನು ಉಜ್ಜಿದ್ದು ಅಮ್ಮಾ," ಎಂದೆ.

"ಗೊತ್ತು ಬಿಡೇ. ನಿಮ್ಮಪ್ಪ ಎಂಥಾ ಸಂದೀಲೂ ಗಾಡಿ ತೂರಿಸೋರು."

"ಮತ್ತೆ ಅಪ್ಪನ್ನ ಯಾಕೆ ಬೈತಿದ್ದೆ?"

"ನಿಂಗೆ ಕೇಳಿಸ್ಲಿ ಅಂತ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಯಿತು. ಕಾರನ್ನು ಅಮ್ಮ ಶೋಕೇಸಿನಲ್ಲಿಟ್ಟಿದ್ದಾಳೆ, ಆ ಬಾಗಿಲೇ ಎದುರಿಗೆ ಕಾಣುವ ಹಾಗೆ.