ಆಗಬೋಟಿನಲ್ಲಿ ನಿಮ್ಮ ಮಾತು

ಪಣಜಿ
೪-೧೨-೧೯೭೩

ತೀರ್ಥರೂಪ ಅಪ್ಪನವರ ಪಾದಕ್ಕೆ ಮಗಳು ಮಾಳಮ್ಮನ ನಮಸ್ಕಾರ.

ವಾಡಿಯಿಂದ ರೈಲಿನಲ್ಲಿ ಮುಂಬಯಿ, ಅಲ್ಲಿಂದ ಆಗಬೋಟಿನಲ್ಲಿ ನಾನೂ ನಿಮ್ಮ ಅಳಿಯನೂ ಇಲ್ಲಿಗೆ ಮುಟ್ಟಿದೆವು. ನಮ್ಮ ಓಣಿಯನ್ನೇ ಎತ್ತಿ ನೀರ ಮೇಲೆ ಇಟ್ಟಷ್ಟು ದೊಡ್ಡ ಹಡಗು. ಶಹಾಬಾದ ಫ್ಯಾಕ್ಟರಿಯ ಹಾಗೆ ಭೋಂಗಾ ಊದಿ ಹೊರಟಿತು. ಅದು ಒಮ್ಮೆ ಹೊಯ್ದಾಡಿದ್ದೇ ತಡ, ಚಿಕ್ಕಂದಿನಲ್ಲಿ ನಿಮ್ಮ ಹರಗೋಲಿನಲ್ಲಿ ಕೇಳಿದ್ದನ್ನೇ ಒದರಿಬಿಟ್ಟೆ: "ಎಲ್ಲಾರೂ ಕುಂದ್ರಿ! ಯಾರೂ ನಿಂದರಬ್ಯಾಡ್ರಿ!"

ಜನ ಭಾಳ ನಕ್ಕರು. ನಿಮ್ಮ ಅಳಿಯ ನಾಚಿ ಆ ಕಡೆ ಮುಖ ತಿರುಗಿಸಿದರು. ಆದರೆ ಒಬ್ಬ ಮುದುಕ ಗಂಟನ್ನು ಮಡಿಲಲ್ಲಿಟ್ಟುಕೊಂಡು ತಟ್ಟನೆ ಕುಂತುಬಿಟ್ಟ. ನಮ್ಮ ಚಿತ್ತಾಪುರದ ಕಡೆಯವನಂತೆ.

"ಯವ್ವಾ, ಇದು ಕಾಗಿಣಾ ಹೊಳಿ ಅಂಬಿಗ ಅಮೃತಪ್ಪನ ಮಾತು. ಈಗ ಹೊಳಿಗೆ ಕಟ್ಟಿದ ಪುಲ್ ಮ್ಯಾಲ ಬಸ್ ಬಂದ್ರೂ ನಾ ಕುಂದರ್ತೀನಿ, ಸೀಟ್ ಇಲ್ಲಂದ್ರ ಕೆಳಗ," ಅಂದ. ನಾನು ಅಮೃತಪ್ಪನ ಮಗಳೆಂದಾಗ ಕೈಮುಗಿದ.

ಹಡಗಿನಲ್ಲಿ ನಿಂಬೆಹಣ್ಣು ಮೂಸಿದೆ, ಈಗ ಆರಾಮ ಇದ್ದೇನೆ. ಅವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಡದಿರಲಿ.

ಹೊಳೆಗೆ ಪುಲ್ ಆದಾಗಿನಿಂದ ನೀವು ಆ ಕಡೆ ಹೆಜ್ಜೆ ಇಟ್ಟಿಲ್ಲ. ಇನ್ನು ಯಾರು ಹತ್ತುತ್ತಾರೆಂದು ಹರಗೋಲನ್ನು ಮುರಿದು ಒಲೆಗೆ ಹಾಕುತ್ತೇನೆ ಎಂದಿದ್ದಿರಿ. ಹಾಕಬೇಡಿ ಅಪ್ಪಾ. ಕಾರ್ಡಿನಲ್ಲಿ ಜಾಗ ತೀರಿತು. ಸಮುದ್ರದ ಮೇಲೂ ನಿಮ್ಮ ಮಾತಿಗೆ ಒಬ್ಬರು ಕುಂತರು.

ನಿಮ್ಮ
ಮಾಳಮ್ಮ